ಹಸಿರು ಸಾಸ್: ಅರ್ಧ ಮಾಡಿಡಿ, ಉಳಿದರ್ಧ ಬಡಿಸುವಾಗ

ಪ್ರಶ್ನೆ: ಕೊತ್ತಂಬರಿ, ಪಾರ್ಸ್ಲಿ, ಪುದೀನ, ಬೇಸಿಲ್, ಹೀಗೆ ಸಿಕ್ಕಿದ ಸೊಪ್ಪಿನಲ್ಲಿ ಹಸಿರು ಸಾಸ್ ಮಾಡುತ್ತೇನೆ. ಮಾಡಿದ ದಿನ ಚೆನ್ನಾಗಿರುತ್ತದೆ. ಮರುದಿನ ನೋಡಿದರೆ ಕಪ್ಪಗಾಗಿರುತ್ತದೆ. ಕೆಲವು ಸಲ ಕಾರಣವೇ ಗೊತ್ತಾಗದ ಹಾಗೆ ಕಹಿ. ಎಣ್ಣೆ ಬೇರೆ ಮೇಲೆ ತೇಲುತ್ತದೆ. ಒಂದೇ ಸಲ ಜಾಸ್ತಿ ಮಾಡಿಟ್ಟುಕೊಂಡು ಬೇರೆ ಬೇರೆ ಅಡುಗೆಗೆ ಬಳಸುವ ದಾರಿ ಇದೆಯಾ? ಮೇಲೆ ಒಂದಿಂಚು ಎಣ್ಣೆ ನಿಲ್ಲಿಸಿದರೆ ಫ್ರಿಜ್ ಕೂಡ ಬೇಡ, ತಿಂಗಳು ಇರುತ್ತದೆ ಎಂದು ಒಬ್ಬರು ಹೇಳಿದರು. ನಿಜವಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಮುಗಿಸಿಬಿಡೋಣ. ನಿಜವಲ್ಲ. ಎಷ್ಟೇ ಎಣ್ಣೆ ನಿಲ್ಲಿಸಿದರೂ ಹಸಿ ಸೊಪ್ಪಿನ ಸಾಸನ್ನು ಫ್ರಿಜ್‌ನಿಂದ ಹೊರಗೆ ಇಡುವ ಹಾಗಿಲ್ಲ. ಈಗಾಗಲೇ ಹಾಗೆ ಇಟ್ಟಿದ್ದರೆ ಚೆಲ್ಲಿಬಿಡಿ. ಹಾಳಾಗಿದೆಯೋ ಇಲ್ಲವೋ ಎಂದು ನಾಲಿಗೆಗೆ ಹಚ್ಚಿಯೂ ನೋಡಬೇಡಿ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಮಾತು, ಮುಂದೆ ಬರುತ್ತದೆ.

ಈಗ ಬಣ್ಣ, ಕಹಿ, ಎಣ್ಣೆಯ ವಿಷಯ. ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. ಸೊಪ್ಪು, ಬೆಳ್ಳುಳ್ಳಿ, ನಿಂಬೆರಸ, ಬಾದಾಮಿ, ಎಣ್ಣೆ, ಉಪ್ಪು ಎಲ್ಲವನ್ನೂ ಒಟ್ಟಿಗೆ ಜಾರಿಗೆ ಸುರಿದು, ನುಣ್ಣಗಾಗುವ ತನಕ ಮಿಕ್ಸಿ ಓಡಿಸುತ್ತೀರಿ, ಅಲ್ವಾ? ಮಾಡಿದ ಕೂಡಲೇ ತಿಂದು ಮುಗಿಸುವುದಾದರೆ ಅದರಲ್ಲಿ ದೊಡ್ಡ ತಪ್ಪೇನೂ ಇಲ್ಲ. ಇಡಬೇಕು, ನಾಲ್ಕಾರು ಕಡೆ ಬಳಸಬೇಕು ಅಂದಾಗ ಆ ಕ್ರಮ ಕೈಕೊಡುತ್ತದೆ. ನಾನು ಮಾಡುವುದು ಹೀಗೆ: ಸೊಪ್ಪು, ಎಣ್ಣೆ, ಉಪ್ಪು ಈ ಮೂರನ್ನೇ ಸೇರಿಸಿ ಅರ್ಧ ಸಾಸ್ ಮಾಡಿಡುತ್ತೇನೆ. ಹುಳಿ, ಬೆಳ್ಳುಳ್ಳಿ, ಬೀಜ, ಚೀಸ್, ಮೊಸರು ಎಲ್ಲ ಬಡಿಸುವ ಹೊತ್ತಿಗೆ. ನಿಮ್ಮ ಮುಕ್ಕಾಲು ಪಾಲು ತೊಂದರೆ ಇಷ್ಟರಲ್ಲೇ ಹೋಗುತ್ತದೆ. ಹೇಗೆ ಅಂತ ನೋಡೋಣ.

ಸೊಪ್ಪಿನ ಬಣ್ಣ ಕೆಡುವುದರಲ್ಲಿ ಎರಡು ಬಗೆ ಇದೆ. ಇವೆರಡನ್ನೂ ಒಂದೇ ಅಂದುಕೊಂಡು ಮದ್ದು ಹುಡುಕುವುದರಿಂದಲೇ ಗೊಂದಲ ಶುರುವಾಗುತ್ತದೆ. ಮೊದಲನೆಯದು ಹೆಚ್ಚಿಟ್ಟ ಸೇಬು, ಬದನೆಕಾಯಿ ಕಂದಾಗುವಂಥದ್ದು. ಎಲೆಯ ಒಳಗೆ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇರುತ್ತದೆ. ಎಲೆ ಇಡಿಯಾಗಿರುವಾಗ ಅದು ತನ್ನ ಗೂಡಿನಲ್ಲಿ ಸುಮ್ನೆ ಕೂತಿರುತ್ತದೆ. ಕತ್ತರಿಸಿದಾಗ, ಜಜ್ಜಿದಾಗ ಗೋಡೆ ಒಡೆದು ಎಲೆಯ ಫಿನಾಲ್‌ಗಳ ಜೊತೆ ಬೆರೆಯುತ್ತದೆ. ಗಾಳಿಯೂ ಸಿಕ್ಕಿದರೆ ಕಂದು, ಆಮೇಲೆ ಕಪ್ಪು. ಬೇಸಿಲ್ ಮತ್ತು ಪುದೀನದಲ್ಲಿ ಇದು ತುಂಬ ಬೇಗ ಆಗುತ್ತದೆ. ಪಾರ್ಸ್ಲಿ, ಕೊತ್ತಂಬರಿ ಅಷ್ಟು ಅವಸರ ಮಾಡುವುದಿಲ್ಲ.

ಎರಡನೆಯದು ಹುಳಿಯ ಕೆಲಸ. ಶಾಲೆಯಲ್ಲಿ ಓದಿದ ಪತ್ರಹರಿತ್ತು ನೆನಪಿದೆಯಲ್ಲ, ಅದರ ನಡುವೆ ಒಂದು ಮೆಗ್ನೀಸಿಯಂ ಕೂತಿರುತ್ತದೆ. ನಿಂಬೆರಸ, ವಿನಿಗರ್ ತಾಗಿದರೆ ಮೆಗ್ನೀಸಿಯಂ ಕಳಚಿಕೊಂಡು ಹೋಗುತ್ತದೆ. ಹೊಳೆಯುವ ಹಸಿರು ಹೋಗಿ ಮಾಸಲು ಹಸಿರು ಬರುತ್ತದೆ, ಹೆಚ್ಚು ಬೆಂದ ಬೀನ್ಸ್ ಬಣ್ಣ. ತಣ್ಣಗಿದ್ದರೆ ಇದಕ್ಕೆ ಗಂಟೆಗಳು ಬೇಕು, ಬಿಸಿಯಿದ್ದರೆ ನಿಮಿಷಗಳು ಸಾಕು.

ತಮಾಷೆ ಏನೆಂದರೆ, ಹುಳಿ ಮೊದಲನೆಯ ರೋಗಕ್ಕೆ ಮದ್ದು, ಎರಡನೆಯದಕ್ಕೆ ಕಾರಣ. ನಿಂಬೆ ಹಿಂಡಿದರೆ ಕಿಣ್ವ ತಣ್ಣಗಾಗುತ್ತದೆ, ಹಾಗಾಗಿ ಕಪ್ಪಾಗುವುದಿಲ್ಲ. ಆದರೆ ಹಸಿರೇ ಮಾಸುತ್ತದೆ. "ಬಣ್ಣ ನಿಲ್ಲಲು ನಿಂಬೆ ಹಿಂಡಿ" ಎನ್ನುವ ಸಲಹೆ ಅರ್ಧ ಗಂಟೆಯ ಮಟ್ಟಿಗೆ ಸರಿ, ರಾತ್ರಿಯಿಂದ ಬೆಳಗಿನವರೆಗೆ ಸರಿಯಲ್ಲ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಸಂಜೆಯ ಊಟಕ್ಕೆಂದು ಬೆಳಗ್ಗೆಯೇ ದೊಡ್ಡ ಪಾತ್ರೆ ತುಂಬ ಸಾಸ್ ಮಾಡಿದ್ದೆ. ಜಾಣತನ ತೋರಿಸಲು ಧಾರಾಳವಾಗಿ ನಿಂಬೆ ಹಿಂಡಿದ್ದೆ. ಸಂಜೆ ಮುಚ್ಚಳ ತೆಗೆದರೆ ಕೆರೆಯ ತಳದ ಕೆಸರಿನ ಹಾಗೆ ಇತ್ತು. ರುಚಿ ಚೆನ್ನಾಗಿಯೇ ಇತ್ತು ಅನ್ನಿ, ಆದರೆ ಯಾರೂ ಚಮಚ ಹಾಕಲಿಲ್ಲ.

ನನ್ನ ಮಾತು ನಂಬಬೇಡಿ, ಮನೆಯಲ್ಲೇ ನೋಡಿ. ಒಂದು ಹಿಡಿ ಪಾರ್ಸ್ಲಿಯನ್ನೋ ಕೊತ್ತಂಬರಿಯನ್ನೋ ಎಣ್ಣೆ ಜೊತೆ ರುಬ್ಬಿ ಎರಡು ಬಟ್ಟಲಿಗೆ ಹಾಕಿ. ಒಂದಕ್ಕೆ ಏನೂ ಬೇಡ. ಇನ್ನೊಂದಕ್ಕೆ ಅರ್ಧ ಚಮಚ ನಿಂಬೆರಸ. ಮೂರನೆಯ ಬಟ್ಟಲಿಗೆ ಅದೇ ಸೊಪ್ಪನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ರುಬ್ಬಿ. ಮೂರನ್ನೂ ಮುಚ್ಚಿ ಫ್ರಿಜ್‌ನಲ್ಲಿಡಿ. ಮರುದಿನ ಬಿಳಿ ತಟ್ಟೆಯ ಮೇಲೆ ಒಂದೊಂದು ಚಮಚ ಸಾಲಾಗಿ ಹಾಕಿ. ಮೂರನೆಯದು ಆಗ ತಾನೇ ಮಾಡಿದ್ದು ಅನ್ನಿಸುತ್ತದೆ. ನಿಂಬೆಯದ್ದು ಮಾಸಿರುತ್ತದೆ. ಏನೂ ಹಾಕದ್ದರ ಅಂಚು ಕಪ್ಪಿಟ್ಟು, ಚಮಚದಿಂದ ಅಗೆದರೆ ಒಳಗೆ ಇನ್ನೂ ಹಸಿರಾಗಿ ಇರುತ್ತದೆ. ಗಾಳಿ ತಾಗಿದಷ್ಟೇ ಜಾಗ ಕೆಟ್ಟಿದೆ ಅನ್ನುವುದು ಅಲ್ಲೇ ಕಾಣುತ್ತದೆ.

ಈ ಬಿಸಿನೀರಿನಲ್ಲಿ ಅದ್ದುವ ಕೆಲಸ ಸಣ್ಣದು, ಆದರೆ ಅಳತೆ ತಪ್ಪಬಾರದು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಬೇಕು, ಉಪ್ಪು ಹಾಕಿರಬೇಕು. ಪಕ್ಕದಲ್ಲಿ ಐಸ್ ನೀರು ಸಿದ್ಧವಿರಬೇಕು, ಆಮೇಲೆ ಐಸ್ ಹುಡುಕುವುದಲ್ಲ. ಬೇಸಿಲ್, ಕೊತ್ತಂಬರಿಗೆ 10–15 ಸೆಕೆಂಡು, ಪಾರ್ಸ್ಲಿಗೆ 30 ಸೆಕೆಂಡು. ತೆಗೆದ ತಕ್ಷಣ ಐಸ್ ನೀರಿಗೆ. ತಣ್ಣಗಾದ ಮೇಲೆ ಮುಷ್ಟಿಯಲ್ಲಿ ಹಿಡಿದು ಚೆನ್ನಾಗಿ ಹಿಂಡಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಬಿಸಿಗೆ ಕಿಣ್ವ ಸತ್ತಿರುತ್ತದೆ, ಪತ್ರಹರಿತ್ತು ಕೆಡುವಷ್ಟು ಹೊತ್ತು ಆಗಿರುವುದಿಲ್ಲ.

ಹಾಗಾದರೆ ಎಲ್ಲವನ್ನೂ ಅದ್ದಿಬಿಡೋಣವೇ? ಬೇಡ. ಬಣ್ಣ ಉಳಿಯುತ್ತದೆ, ಪರಿಮಳ ಸ್ವಲ್ಪ ನೀರಿಗೆ ಹೋಗುತ್ತದೆ. ಪುದೀನ, ಬೇಸಿಲ್, ಸಬ್ಬಸಿಗೆಯ ಜೀವ ಇರುವುದೇ ಪರಿಮಳದಲ್ಲಿ. ನಾನು ಪಾಲು ಮಾಡುತ್ತೇನೆ. ಮೂರರಲ್ಲಿ ಎರಡು ಪಾಲು ಪಾರ್ಸ್ಲಿ ಅಥವಾ ಕೊತ್ತಂಬರಿ, ಬಿಸಿನೀರಿನಲ್ಲಿ ಅದ್ದಿದ್ದು. ಒಂದು ಪಾಲು ಪರಿಮಳದ ಸೊಪ್ಪು, ಹಸಿಯಾಗಿಯೇ. ಅದ್ದಿದ ಸೊಪ್ಪು ಬಣ್ಣ ಕೊಡುತ್ತದೆ, ಹಸಿಯದ್ದು ಮಾತಾಡುತ್ತದೆ. ಪರಿಮಳದ ಸೊಪ್ಪು ಮಾತ್ರ ಇದ್ದು ಗಾತ್ರ ಸಾಲದಿದ್ದರೆ ಒಂದು ಹಿಡಿ ಪಾಲಕ್ ಅದ್ದಿ ಹಿಂಡಿ ಸೇರಿಸಿ. ಪಾಲಕ್ ರುಚಿಯಲ್ಲಿ ತಲೆ ಹಾಕುವುದಿಲ್ಲ, ಬಣ್ಣಕ್ಕೆ ಮಾತ್ರ ಬರುತ್ತದೆ. ಅದೇ ದಿನ ತಿಂದು ಮುಗಿಸುವ ಸಾಸಿಗೆ ಈ ಅದ್ದುವ ಕೆಲಸವೇ ಬೇಡ.

ಸೊಪ್ಪನ್ನು ಅದ್ದುವುದಿಲ್ಲ, ಹಸಿಯಾಗಿಯೇ ಬಳಸುತ್ತೇನೆ ಅಂದರೆ ತೊಳೆದ ಮೇಲೆ ಒಣಗಿಸುವುದರಲ್ಲಿ ಸೋಮಾರಿತನ ಬೇಡ. ಒದ್ದೆ ಸೊಪ್ಪಿನಿಂದ ನೀರುನೀರಾದ ಸಾಸ್ ಬರುತ್ತದೆ, ಬೇಗ ಕೆಡುತ್ತದೆ. ದಪ್ಪ ಬಟ್ಟೆಯ ಮೇಲೆ ಹರಡಿ, ಇನ್ನೊಂದು ಬಟ್ಟೆಯಿಂದ ಒತ್ತಿ, ಅರ್ಧ ಗಂಟೆ ಬಿಡಿ. ಇನ್ನು ತಂದ ಸೊಪ್ಪನ್ನು ಇಡುವುದು: ಕೊತ್ತಂಬರಿ, ಪಾರ್ಸ್ಲಿ ಕಟ್ಟನ್ನು ಒಂದು ಲೋಟ ನೀರಿನಲ್ಲಿ ನಿಲ್ಲಿಸಿ, ಮೇಲೆ ಸಡಿಲವಾಗಿ ಕವರ್ ಮುಚ್ಚಿ ಫ್ರಿಜ್‌ನಲ್ಲಿಡಬಹುದು. ಬೇಸಿಲ್‌ಗೆ ಮಾತ್ರ ಚಳಿ ಒಗ್ಗುವುದಿಲ್ಲ. 10 ಡಿಗ್ರಿಗಿಂತ ಕೆಳಗೆ ಅದರ ಎಲೆ ತಾನಾಗಿಯೇ ಕಪ್ಪು ಚುಕ್ಕೆ ಹೊಡೆಯುತ್ತದೆ. ಅದನ್ನು ಹೂವಿನ ಹಾಗೆ ಲೋಟದಲ್ಲಿ ನಿಲ್ಲಿಸಿ ಹೊರಗೇ ಇಡಿ.

ದಂಟಿನ ಮಾತೂ ಇಲ್ಲೇ ಬರಲಿ. ಕೊತ್ತಂಬರಿಯ ಎಳೆ ದಂಟು ಎಲೆಗಿಂತ ರುಚಿ, ಎಸೆಯಬೇಡಿ. ಪಾರ್ಸ್ಲಿಯದ್ದು ಮೇಲಿನ ಅರ್ಧ ಮಾತ್ರ. ಪುದೀನದ ದಂಟು ನಾರು ಮತ್ತು ಒಗರು, ಎಲೆಯನ್ನಷ್ಟೇ ಬಿಡಿಸಿಕೊಳ್ಳಿ. ಹೂ ಬಿಟ್ಟ ಬೇಸಿಲ್ ಆದರೆ ಎಲೆಯೂ ಕಟುವಾಗಿರುತ್ತದೆ. ರೋಸ್‌ಮೇರಿ, ಥೈಮ್‌ನಂಥ ಗಟ್ಟಿ ಎಲೆಯವನ್ನು ಹಿಡಿಗಟ್ಟಲೆ ಹಾಕಲೇಬಾರದು. ಒಂದು ಚಿಟಿಕೆಯಷ್ಟು, ಸಣ್ಣಗೆ ಕೊಚ್ಚಿ, ಅಷ್ಟೇ.

ಈಗ ಕತ್ತರಿಸುವುದು. ಇದೊಂದನ್ನು ಹತ್ತಿರದಿಂದ ನೋಡಬೇಕು. ಬಿಳಿ ಹಲಗೆಯ ಮೇಲೆ ಒಂದು ಹಿಡಿ ಪಾರ್ಸ್ಲಿ ಇಟ್ಟು ಮೊಂಡು ಚಾಕುವಿನಿಂದ ಕೊಚ್ಚಿ. ಚಾಕು ಎಲೆಯನ್ನು ಕತ್ತರಿಸುವುದಿಲ್ಲ, ಅಮುಕುತ್ತದೆ. ಎರಡು ನಿಮಿಷದಲ್ಲಿ ಹಲಗೆಯ ಮೇಲೆ ಅಂಗೈಯಗಲ ಹಸಿರು ಕಲೆ. ಸೊಪ್ಪು ಒದ್ದೆಯಾಗಿ ಮುದ್ದೆಯಾಗಿರುತ್ತದೆ. ಮೂಸಿದರೆ ಕೊಯ್ದ ಹುಲ್ಲಿನ ವಾಸನೆ. ಈಗ ಚಾಕುವನ್ನು ಮಸೆದು ಇನ್ನೊಂದು ಹಿಡಿ ಕೊಚ್ಚಿ. ಚೂರುಗಳು ಬಿಡಿಬಿಡಿಯಾಗಿ, ಉಗುರಿನಿಂದ ತಳ್ಳಿದರೆ ಉದುರುತ್ತವೆ. ಹಲಗೆ ಬಹುಪಾಲು ಬಿಳಿಯಾಗಿಯೇ ಇರುತ್ತದೆ. ಹಲಗೆಗೆ ಅಂಟಿದ ಹಸಿರೆಲ್ಲ ನಿಮ್ಮ ಸಾಸಿಗೆ ಸೇರಬೇಕಿದ್ದದ್ದು.

ಮಿಕ್ಸಿಯಲ್ಲಿ ಮಾಡುವುದಾದರೂ ಮೊದಲು ಒರಟಾಗಿ ಕೊಚ್ಚಿಕೊಂಡು ಹಾಕಿ. ಇಡೀ ದಂಟು ಹಾಕಿದರೆ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಕೆಳಗಿನದು ಅಂಟಾಗಿ, ಮೇಲಿನದು ಹಾಗೇ ಉಳಿದು, ನೀವು ಮತ್ತೆ ಮತ್ತೆ ಓಡಿಸುತ್ತೀರಿ. ಓಡಿದಷ್ಟೂ ಜಾರು ಬಿಸಿ. ಜಾರನ್ನೂ ಎಣ್ಣೆಯನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಸಣ್ಣ ಜಾರ್ ಬಳಸಿ. ಎರಡೆರಡು ಸೆಕೆಂಡು ಓಡಿಸಿ ನಿಲ್ಲಿಸಿ, ಬದಿಯಲ್ಲಿ ಅಂಟಿದ್ದನ್ನು ಕೆಳಗೆ ತಳ್ಳಿ, ಮತ್ತೆ ಎರಡು ಸೆಕೆಂಡು. ಜಾರಿನ ಹೊರಮೈ ಬೆಚ್ಚಗೆ ಅನ್ನಿಸಿದರೆ ಅಲ್ಲಿಗೆ ಸಾಕು ಮಾಡಿ. ತರಿತರಿಯಾಗಿದ್ದರೆ ಇರಲಿ ಬಿಡಿ, ನನಗಂತೂ ಅದೇ ಇಷ್ಟ. ನುಣ್ಣನೆಯ ಹಸಿರು ಸಾಸ್ ನೋಡಲು ಚೆಂದ, ಬಾಯಲ್ಲಿ ಎಲ್ಲ ತುತ್ತೂ ಒಂದೇ ಥರ.

ಒರಳು ಇದ್ದರೆ ರುಚಿ ಇನ್ನೂ ಬೇರೆ. ಇಟಲಿಯ ಜಿನೋವಾದ ಪೆಸ್ಟೋ ಎಂಬ ಹೆಸರೇ ಕುಟ್ಟುವುದು ಅನ್ನುವ ಅರ್ಥದ ಮಾತಿನಿಂದ ಬಂದದ್ದು. ಅಮೃತಶಿಲೆಯ ಒರಳು, ಮರದ ಒನಕೆ. ಮೊದಲು ಬೆಳ್ಳುಳ್ಳಿ ಮತ್ತು ಕಲ್ಲುಪ್ಪು. ಉಪ್ಪು ಮರಳಿನ ಹಾಗೆ ಉಜ್ಜಿ ಬೆಳ್ಳುಳ್ಳಿಯನ್ನು ಬೆಣ್ಣೆ ಮಾಡುತ್ತದೆ. ಆಮೇಲೆ ಪೈನ್ ಬೀಜ, ಆಮೇಲೆ ಬೇಸಿಲ್ ಎಲೆ ಸ್ವಲ್ಪ ಸ್ವಲ್ಪವಾಗಿ, ಕೊನೆಗೆ ಪಾರ್ಮೆಸಾನ್ ಮತ್ತು ಪೆಕೊರಿನೊ ಚೀಸ್, ಆಲಿವ್ ಎಣ್ಣೆ. ನಿಂಬೆ ಇಲ್ಲ ಅನ್ನುವುದನ್ನು ಗಮನಿಸಿ. ಪೆಸ್ಟೋಗೆ ಹುಳಿ ಹಾಕಿ ಮರುದಿನ ಬಣ್ಣ ಹೋಯಿತು ಎನ್ನುವವರಿಗೆ ಉತ್ತರ ಅಲ್ಲೇ ಇದೆ.

ಅಳತೆಗೆ ಬರೋಣ. ಬಿಡಿಸಿದ ಸೊಪ್ಪು 100 ಗ್ರಾಂ, ಎಣ್ಣೆ 100 ಮಿಲಿಲೀಟರ್, ಉಪ್ಪು ಅರ್ಧ ಟೀ ಚಮಚ, ಅಂದರೆ ಸುಮಾರು 3 ಗ್ರಾಂ. ಇದೇ ನಮ್ಮ ಅರ್ಧ ಸಾಸ್. ಸುಮಾರು 200 ಗ್ರಾಂ ಬರುತ್ತದೆ, ಒಬ್ಬರಿಗೆ ಎರಡು ದೊಡ್ಡ ಚಮಚ ಲೆಕ್ಕ ಹಿಡಿದರೆ ಆರೇಳು ಜನಕ್ಕೆ ಸಾಕು. ಉಪ್ಪನ್ನು ಬೇಕೆಂದೇ ತುಸು ಹಿಡಿದು ಹಾಕಿದ್ದೇನೆ, ಯಾಕೆಂದರೆ ಮುಂದೆ ಸೇರುವ ಚೀಸ್, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು ಎಲ್ಲ ತಮ್ಮ ಪಾಲಿನ ಉಪ್ಪು ತರುತ್ತವೆ. ಗಾಜಿನ ಬಾಟಲಿಗೆ ಒತ್ತಿ ತುಂಬಿ, ಗಾಳಿಗುಳ್ಳೆ ಹೋಗಲು ಬಾಟಲಿಯನ್ನು ಮೆಲ್ಲಗೆ ಕುಟ್ಟಿ, ಮೇಲೆ ತೆಳುವಾಗಿ ಎಣ್ಣೆ ಹರಡಿ ಮುಚ್ಚಿ, ಫ್ರಿಜ್‌ಗೆ. ಈ ಎಣ್ಣೆ ಬಣ್ಣಕ್ಕಾಗಿ ಮಾತ್ರ, ಬಾಳಿಕೆಗಲ್ಲ. ಆಲಿವ್ ಎಣ್ಣೆಯಾದರೆ ಚಳಿಗೆ ಹೆಪ್ಪುಗಟ್ಟಿ ಬೆಳ್ಳಗೆ ಕಾಣಬಹುದು. ಕೆಟ್ಟಿತು ಅಂದುಕೊಳ್ಳಬೇಡಿ. ಬೇಕಾದಷ್ಟನ್ನು ಬಟ್ಟಲಿಗೆ ತೆಗೆದು ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆ.

ಬೆಳ್ಳುಳ್ಳಿಯನ್ನು ಯಾಕೆ ಹೊರಗಿಟ್ಟೆ ಎಂದು ಕೇಳುತ್ತೀರಿ. ಹಸಿ ಬೆಳ್ಳುಳ್ಳಿ ಸಾಸಿನಲ್ಲಿ ಕೂತಷ್ಟೂ ಒರಟಾಗುತ್ತದೆ. ಎರಡನೆಯ ದಿನ ಸೊಪ್ಪಿನ ರುಚಿ ಹುಡುಕಬೇಕು, ಬೆಳ್ಳುಳ್ಳಿ ಒಂದೇ ಎದುರು ನಿಂತಿರುತ್ತದೆ. ಅದರ ಘಾಟು ಇಡೀ ಎಸಳಿನಲ್ಲಿ ಇರುವುದಿಲ್ಲ, ಜಜ್ಜಿದಾಗ ಹುಟ್ಟುತ್ತದೆ. ಎಸಳಿನೊಳಗಿನ ಒಂದು ಕಿಣ್ವ ಅಲಿಯಿನ್ ಎಂಬುದನ್ನು ಅಲಿಸಿನ್ ಮಾಡುತ್ತದೆ, ಆ ಅಲಿಸಿನ್ನೇ ಘಾಟು. ಹುಳಿ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಹಾಗಾಗಿ ಬಡಿಸುವ ಸ್ವಲ್ಪ ಹೊತ್ತು ಮುಂಚೆ ಅರ್ಧ ಎಸಳು ಬೆಳ್ಳುಳ್ಳಿಯನ್ನು ನಿಂಬೆರಸದೊಳಗೇ ತುರಿಯಿರಿ. ಮೊದಲು ತುರಿದು ಆಮೇಲೆ ಹಿಂಡುವುದಲ್ಲ, ರಸದೊಳಗೇ ತುರಿಯಬೇಕು. ಹತ್ತು ನಿಮಿಷ ಬಿಟ್ಟು ಸಾಸಿಗೆ ಸೇರಿಸಿ. ಬೆಳ್ಳುಳ್ಳಿಯ ಪರಿಮಳ ಬರುತ್ತದೆ, ಮೂಗಿಗೆ ಹೊಡೆಯುವುದಿಲ್ಲ. ಘಾಟು ಬೇಕೆನ್ನುವವರು ಒಣ ಹಲಗೆಯ ಮೇಲೆ ಉಪ್ಪು ಹಾಕಿ ಅರೆದುಕೊಳ್ಳಿ. ಇಷ್ಟು ಸಣ್ಣ ವಿಷಯ ಗೊತ್ತಾಗಲು ನನಗೆ ವರ್ಷಗಳೇ ಬೇಕಾದವು.

ಇನ್ನು ನಿಮ್ಮ ನಿಜವಾದ ಪ್ರಶ್ನೆ: ಒಂದೇ ಸಾಸ್ ಹಲವು ಕಡೆ ಹೇಗೆ. ಜಗತ್ತಿನ ಹಸಿರು ಸಾಸ್‌ಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಎಲ್ಲರ ಹತ್ತಿರವೂ ಇರುವುದು ಸೊಪ್ಪು, ಕೊಬ್ಬು, ಉಪ್ಪು. ಬೇರೆಯಾಗುವುದು ಹುಳಿ ಯಾವುದು, ಖಾರ ಯಾವುದು, ಗಟ್ಟಿ ಮಾಡಲು ಏನು ಎನ್ನುವುದರಲ್ಲಿ. ಅರ್ಜೆಂಟೀನಾದ ಚಿಮಿಚುರ್ರಿಯಲ್ಲಿ ಪಾರ್ಸ್ಲಿ, ಓರೆಗಾನೊ, ಬೆಳ್ಳುಳ್ಳಿ, ಒಣಮೆಣಸಿನ ಚೂರು, ಜೊತೆಗೆ ಎದ್ದು ಕಾಣುವಷ್ಟು ವಿನಿಗರ್. ಅದನ್ನು ರುಬ್ಬುವುದಿಲ್ಲ, ಕೊಚ್ಚುತ್ತಾರೆ. ಸುಟ್ಟ ಮಾಂಸದ ಜಿಡ್ಡನ್ನು ಕತ್ತರಿಸಲು ಆ ಹುಳಿ. ಯೆಮೆನ್‌ನ ಝುಗ್‌ನಲ್ಲಿ ಕೊತ್ತಂಬರಿ, ಹಸಿಮೆಣಸು, ಬೆಳ್ಳುಳ್ಳಿ, ಜೀರಿಗೆ, ಏಲಕ್ಕಿ. ಖಾರದ ಜೊತೆ ಏಲಕ್ಕಿಯೇ ಎಂದು ಮೂಗು ಮುರಿಯಬೇಡಿ, ಒಮ್ಮೆ ಮಾಡಿ ನೋಡಿ. ಮೊರಾಕೊದ ಶರ್ಮೂಲಾದಲ್ಲಿ ಜೀರಿಗೆ, ಪ್ಯಾಪ್ರಿಕಾ, ನಿಂಬೆ. ಅದನ್ನು ಮೀನಿಗೆ ಹಚ್ಚಿಯೂ ಇಡುತ್ತಾರೆ, ಮೇಲೆ ಸುರಿದೂ ಬಡಿಸುತ್ತಾರೆ. ಇಟಲಿಯ ಸಾಲ್ಸಾ ವೆರ್ದೆಯಲ್ಲಿ ಕೇಪರ್, ಉಪ್ಪಿನಲ್ಲಿಟ್ಟ ಆಂಚೋವಿ ಮೀನು, ವಿನಿಗರ್‌ನಲ್ಲಿ ನೆನೆಸಿದ ಬ್ರೆಡ್. ಜರ್ಮನಿಯ ಫ್ರಾಂಕ್‌ಫರ್ಟ್‌ನ ಹಸಿರು ಸಾಸಿಗೆ ಲೆಕ್ಕ ಹಾಕಿ ಏಳು ಸೊಪ್ಪು. ಹೆಸರಿಗೆ 2016ರಿಂದ ಯುರೋಪಿನ ಭೌಗೋಳಿಕ ಗುರುತಿನ ರಕ್ಷಣೆ ಬೇರೆ ಇದೆ. ಅದರಲ್ಲಿ ಎಣ್ಣೆಗಿಂತ ಹುಳಿ ಕೆನೆಯದ್ದೇ ಕಾರುಬಾರು. ಬೆಂದ ಮೊಟ್ಟೆ, ಆಲೂಗಡ್ಡೆ ಜೊತೆ ತಿನ್ನುತ್ತಾರೆ.

ನೀವು ಇವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಫ್ರಿಜ್‌ನಲ್ಲಿ ಅರ್ಧ ಸಾಸ್ ಇದ್ದರೆ ತಟ್ಟೆಯಲ್ಲಿ ಏನಿದೆ ಎಂದು ನೋಡಿ ಉಳಿದರ್ಧ ಸೇರಿಸಿ. ತಟ್ಟೆಯಲ್ಲಿರುವುದು ಜಿಡ್ಡಿನದ್ದಾದರೆ, ಅಂದರೆ ಸುಟ್ಟ ಮಾಂಸ, ಹುರಿದ ಮೀನು, ಚೀಸ್ ಆದರೆ ಹುಳಿ ಜಾಸ್ತಿ ಮಾಡಿ: ನಾಲ್ಕು ದೊಡ್ಡ ಚಮಚ ಅರ್ಧ ಸಾಸಿಗೆ ಒಂದು ದೊಡ್ಡ ಚಮಚ ವಿನಿಗರ್. ಸಪ್ಪೆಯದ್ದಾದರೆ, ಅನ್ನ, ಬೆಂದ ಆಲೂಗಡ್ಡೆ, ಬೀನ್ಸ್, ಮೊಟ್ಟೆ ಥರದ್ದಾದರೆ, ಅದಕ್ಕೆ ಬೇಕಾದ್ದು ಉಪ್ಪು, ಖಾರ, ಸ್ವಲ್ಪ ಬೆಳ್ಳುಳ್ಳಿ. ಹುಳಿ ಅರ್ಧ ಚಮಚ ಸಾಕು. ಪಾಸ್ತಾಕ್ಕೆ ಹುಳಿಯೇ ಬೇಡ, ಹುರಿದ ಬೀಜ ಮತ್ತು ಚೀಸ್ ಕುಟ್ಟಿ ಬೆರೆಸಿ. ಹಸಿ ತರಕಾರಿ ಅದ್ದಿ ತಿನ್ನಲು ಗಟ್ಟಿ ಮೊಸರಿಗೆ ಕಲಸಿ, ಎರಡು ಪಾಲು ಮೊಸರಿಗೆ ಒಂದು ಪಾಲು ಸಾಸ್. ಬಿಸಿ ಸೂಪಿನ ಬಟ್ಟಲಿಗೆ ಮೇಲಿಂದ ಒಂದು ಚಮಚ ಹಾಕಿದರೆ ಸಾಕು, ಏನೂ ಸೇರಿಸುವುದು ಬೇಡ. ಒಂದು ವಿಷಯದಲ್ಲಿ ಮಾತ್ರ ನಾನು ಹಟಮಾರಿ: ಹಸಿರು ಸಾಸನ್ನು ಒಲೆಯ ಮೇಲೆ ಇಡಬೇಡಿ. ಒಲೆ ಆರಿಸಿ, ಬಿಸಿ ಅಡುಗೆಯ ಮೇಲೆ ಹಾಕಿ ಕಲಸಿ. ಪರಿಮಳವೆಲ್ಲ ಆವಿಯ ಜೊತೆ ಹೊರಟುಹೋದರೆ ತಟ್ಟೆಗೆ ಏನು ಉಳಿಯುತ್ತದೆ?

ಕಹಿಗೆ ನನ್ನ ಮೊದಲ ಅನುಮಾನ ಎಣ್ಣೆಯ ಮೇಲೆ. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯನ್ನು ಮಿಕ್ಸಿಯಲ್ಲಿ ಜೋರಾಗಿ ಹೊಡೆದರೆ ಅದರೊಳಗಿನ ಕಹಿ ಎದ್ದು ಬರುತ್ತದೆ. ಚಮಚದಿಂದ ಕಲಸಿದರೆ ಅದೇ ಎಣ್ಣೆ ಸಿಹಿಯಾಗಿಯೇ ಇರುತ್ತದೆ. ಸೂರ್ಯಕಾಂತಿಯಂಥ ವಾಸನೆಯಿಲ್ಲದ ಎಣ್ಣೆಯಲ್ಲಿ ಸೊಪ್ಪನ್ನು ರುಬ್ಬಿ, ಆಲಿವ್ ಎಣ್ಣೆಯನ್ನು ಕೊನೆಗೆ ಕೈಯಲ್ಲೇ ಕಲಸಿ. ಎರಡನೆಯ ಅನುಮಾನ ಬೀಜಗಳ ಮೇಲೆ. ಹಳೆಯ ವಾಲ್‌ನಟ್, ಬಾದಾಮಿ ಕಮಟು ಹೊಡೆದಿರುತ್ತದೆ, ಸಾಸಿನಲ್ಲಿ ಅದು ಕಹಿಯಾಗಿ ಕಾಣುತ್ತದೆ. ಹಾಕುವ ಮುಂಚೆ ಒಂದನ್ನು ಬಾಯಿಗೆ ಹಾಕಿಕೊಳ್ಳಿ. ವಾಲ್‌ನಟ್ ಸಿಪ್ಪೆ ಹೇಗೂ ಒಗರು, ಹುರಿದು ಬಟ್ಟೆಯಲ್ಲಿ ಉಜ್ಜಿದರೆ ಬಹಳಷ್ಟು ಉದುರುತ್ತದೆ. ಮೂರನೆಯದು, ನಿಂಬೆ ಬೀಜ ಜಾರಿಗೆ ಬಿದ್ದು ನುರಿದಿರುವುದು. ನಗಬೇಡಿ, ಎಷ್ಟೋ ಸಲ ಕಳ್ಳ ಸಿಕ್ಕಿದ್ದು ಅಲ್ಲೇ. ಮೊಳಕೆ ಬಂದ ಬೆಳ್ಳುಳ್ಳಿಯ ನಡುವಿನ ಹಸಿರು ಕುಡಿಯೂ ಕಹಿ, ಕಿತ್ತುಬಿಡಿ. ಈಗಾಗಲೇ ಕಹಿಯಾದದ್ದಕ್ಕೆ ಮೊದಲು ಒಂದು ಚಿಟಿಕೆ ಉಪ್ಪು ಹಾಕಿ ನೋಡಿ, ಸಕ್ಕರೆ ಆಮೇಲೆ. ನಾಲಿಗೆಗೆ ಕಹಿ ಕಡಿಮೆ ಅನ್ನಿಸುವಂತೆ ಮಾಡುವುದು ಉಪ್ಪು. ಅದಕ್ಕೂ ಬಗ್ಗದಿದ್ದರೆ ಮೊಸರಿಗೆ ಕಲಸಿ.

ಎಣ್ಣೆ ತೇಲುವುದು ರೋಗವೇ ಅಲ್ಲ. ಕೊಚ್ಚಿ ಮಾಡಿದ ಸಾಸ್‌ಗಳಲ್ಲಿ ಎಣ್ಣೆ ಬಿಟ್ಟುಕೊಂಡೇ ಇರುತ್ತದೆ, ಕಲಸಿ ಬಡಿಸುವುದು ಅಷ್ಟೇ. ಒಂದಾಗಿಯೇ ಇರಬೇಕೆಂದರೆ ಎಣ್ಣೆಯನ್ನು ಹಿಡಿದಿಡಲು ಏನಾದರೂ ಬೇಕು. ನೆನೆಸಿ ಹಿಂಡಿದ ಅರ್ಧ ಹೋಳು ಬ್ರೆಡ್, ಪುಡಿ ಮಾಡಿದ ಬೀಜ, ಅರ್ಧ ಚಮಚ ಸಾಸಿವೆ ಪೇಸ್ಟ್, ಇವುಗಳಲ್ಲಿ ಒಂದು. ಪಾಸ್ತಾ ಆದರೆ ಅದನ್ನು ಬೇಯಿಸಿದ ಗಂಜಿನೀರು ಎರಡು ಚಮಚ.

ಈಗ ಬಾಕಿ ಉಳಿದ ಭಯದ ಮಾತು. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣಿನಲ್ಲಿರುತ್ತವೆ. ಹಾಗಾಗಿ ಸೊಪ್ಪು, ಬೆಳ್ಳುಳ್ಳಿಯ ಮೇಲೂ ಇರಬಹುದು, ತೊಳೆದರೂ ಪೂರ್ತಿ ಹೋಗುವುದಿಲ್ಲ. ಗಾಳಿಯಿರುವಾಗ ಅವು ಸುಮ್ನೆ ಇರುತ್ತವೆ. ಗಾಳಿ ಇಲ್ಲ, ಹುಳಿ ಇಲ್ಲ, ಬೆಚ್ಚಗಿದೆ ಅಂದರೆ ಮೊಳೆತು ವಿಷ ಮಾಡುತ್ತವೆ. ಒಂದಿಂಚು ಎಣ್ಣೆಯ ಕೆಳಗೆ, ಅಡುಗೆಮನೆಯ ಕಟ್ಟೆಯ ಮೇಲೆ ಇರುವುದು ಸರಿಯಾಗಿ ಇದೇ ಸ್ಥಿತಿ. ಆ ವಿಷಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದು ನರಗಳನ್ನು ಹಿಡಿಯುತ್ತದೆ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ರೆಸ್ಟೋರೆಂಟಿನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ 36 ಜನ ಹೀಗೆ ಹಾಸಿಗೆ ಹಿಡಿದರು. 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮತ್ತೆ ಮೂವರು. ಅದಾದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಎಣ್ಣೆಯಲ್ಲಿಟ್ಟು ಮಾರುವ ಬೆಳ್ಳುಳ್ಳಿಗೆ ಆಮ್ಲ ಸೇರಿಸಲೇಬೇಕು ಎಂದು ಆದೇಶಿಸಿತು.

ನಿಂಬೆ ಹಿಂಡಿದ್ದೇನಲ್ಲ, ಸಾಲದೇ? ಸಾಲದು. ಹುಳಿಯನ್ನು ಅಳೆಯುವ ಪಿಎಚ್ (ಹುಳಿ ಹೆಚ್ಚಿದಷ್ಟೂ ಈ ಅಂಕಿ ಕಡಿಮೆ) 4.6ಕ್ಕಿಂತ ಕೆಳಗೆ ಇಳಿದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ನಿಜ. ಆದರೆ ಎಣ್ಣೆ ಸವರಿದ ಎಲೆಚೂರಿನ ಒಳಗೆ ನಿಮ್ಮ ನಿಂಬೆರಸ ಎಷ್ಟು ಇಳಿಯಿತು ಎಂದು ಮನೆಯಲ್ಲಿ ಅಳೆಯುವುದು ಹೇಗೆ? ಹಾಗಾಗಿ ಹುಳಿ ಇರಲಿ, ಇಲ್ಲದಿರಲಿ, ನಿಯಮ ಒಂದೇ. ಮಾಡಿದ ಕೂಡಲೇ 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರುವ ಫ್ರಿಜ್‌ಗೆ, ಬಾಗಿಲಿನ ತಟ್ಟೆಯಲ್ಲಲ್ಲ, ಒಳಗೆ ಹಿಂದಕ್ಕೆ. ನಾಲ್ಕು ದಿನದಲ್ಲಿ ಮುಗಿಸಬೇಕು. ಪೇಟೆಯ ಸಾಸಿನ ಹಾಗೆ ಬಾಟಲಿಗೆ ತುಂಬಿ, ಬಿಸಿನೀರಿನಲ್ಲಿ ಕುದಿಸಿ ಸೀಲ್ ಮಾಡುವ ಉಪಾಯವೂ ಬೇಡ. ಕುದಿಯುವ ನೀರಿಗೆ ಆ ಬೀಜಕಣ ಸಾಯುವುದಿಲ್ಲ.

ನಾಲ್ಕು ದಿನಕ್ಕಿಂತ ಹೆಚ್ಚು ಬೇಕು ಅಂದರೆ ಫ್ರೀಜರ್. ಐಸ್ ಟ್ರೇಗೆ ಅರ್ಧ ಸಾಸ್ ತುಂಬಿ, ಗಟ್ಟಿಯಾದ ಮೇಲೆ ತುಂಡುಗಳನ್ನು ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಕಟ್ಟಿಡಿ, ಮೇಲೆ ತಾರೀಖು ಬರೆಯಿರಿ. ಸಾಧಾರಣ ಟ್ರೇಯ ಒಂದು ಗುಳಿ ಅಂದರೆ ಸುಮಾರು ಎರಡು ದೊಡ್ಡ ಚಮಚ, ಒಬ್ಬರ ಅಳತೆ. ಮೂರು ತಿಂಗಳವರೆಗೆ ರುಚಿ ಚೆನ್ನಾಗಿ ಉಳಿಯುತ್ತದೆ. ಅದ್ದಿದ ಸೊಪ್ಪಿನದ್ದಾದರೆ ಬಣ್ಣವೂ ಹಾಗೇ ಇರುತ್ತದೆ. ಕರಗಿಸುವುದು ಫ್ರಿಜ್‌ನ ಒಳಗೆ, ಕರಗಿದ್ದನ್ನು ಆ ದಿನವೇ ಮುಗಿಸಿ, ಮತ್ತೆ ಫ್ರೀಜರ್‌ಗೆ ಹಾಕಬೇಡಿ. ಬಿಸಿ ಅನ್ನಕ್ಕೋ ಪಾಸ್ತಾಕ್ಕೋ ಆದರೆ ಕರಗಿಸುವ ಗೋಜೂ ಇಲ್ಲ, ತುಂಡನ್ನು ಹಾಗೇ ಹಾಕಿ ಕಲಸಿದರಾಯಿತು.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ರುಬ್ಬಿ ತೆಗೆದ ಮೇಲೆ ಜಾರಿನ ಬ್ಲೇಡಿನ ಕೆಳಗೆ, ಬದಿಗಳಲ್ಲಿ ಒಂದೆರಡು ಚಮಚ ಸಾಸ್ ಅಂಟಿಕೊಂಡಿರುತ್ತದೆ. ನೀರು ಹಾಕಿ ತೊಳೆದುಬಿಡಬೇಡಿ. ಎರಡು ಚಮಚ ವಿನಿಗರ್, ಚಿಟಿಕೆ ಉಪ್ಪು, ಬೇಕಾದರೆ ಒಂದು ಚಮಚ ಮೊಸರು ಹಾಕಿ, ಮುಚ್ಚಳ ಮುಚ್ಚಿ ಚೆನ್ನಾಗಿ ಕುಲುಕಿ. ಆ ಹೊತ್ತಿನ ಸೌತೆಕಾಯಿಗೋ ಟೊಮೆಟೊಗೋ ಸುರಿದುಕೊಳ್ಳಲು ಅಷ್ಟು ಸಾಕು.